ಚಾರ್ಜ್ ಹಿಡಿಯದ ಬ್ಯಾಟರಿಯೆಲ್ಲ ಸತ್ತದ್ದಲ್ಲ

ಮಾನ್ಯ ಸಂಪಾದಕರೇ,

ಗಲ್ಫ್‌ನಿಂದ ರಜೆಯಲ್ಲಿ ಬಂದವರು ಊರು ಮುಟ್ಟಿದ ಮರುದಿನವೇ ನಮ್ಮಂಥ ಆಟೋ ಇಲೆಕ್ಟ್ರೀಷಿಯನ್‌ಗಳಿಗೆ ಫೋನ್ ಮಾಡುತ್ತಾರೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಕಾರು ಸ್ಟಾರ್ಟ್ ಆಗುವುದಿಲ್ಲ, ರಿಮೋಟ್ ಒತ್ತಿದರೆ ಬಾಗಿಲೂ ತೆರೆಯುವುದಿಲ್ಲ. ಬ್ಯಾಟರಿ ಬಿಚ್ಚಿ ಪೇಟೆಗೆ ಒಯ್ದರೆ ‘ಚಾರ್ಜ್ ಹಿಡಿಯುವುದಿಲ್ಲ, ಸತ್ತಿದೆ, ಹೊಸತು ಹಾಕಿ’ ಎಂಬ ಉತ್ತರ. ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪೈವಳಿಕೆ, ಬದಿಯಡ್ಕ ಕಡೆಯ ಇಂಥ ಗಾಡಿಗಳನ್ನು ಬಹಳ ವರ್ಷಗಳಿಂದ ನೋಡುತ್ತಿರುವವನು ನಾನು. ಚಾರ್ಜರ್ ಹಿಡಿಯಲಿಲ್ಲ ಎಂಬ ಒಂದೇ ಕಾರಣಕ್ಕೆ ಬ್ಯಾಟರಿಯನ್ನು ಗುಜರಿಗೆ ಹಾಕುವುದು ನಷ್ಟ. ಪರೀಕ್ಷೆ ಮಾಡದೆ ಹಾಗೆ ಹೇಳಿ ಹೊಸದನ್ನು ಮಾರುವುದು ಅನ್ಯಾಯ.

ಹಿಂದಿನ ಟ್ರಾನ್ಸ್‌ಫಾರ್ಮರ್ ಚಾರ್ಜರುಗಳು ಕ್ಲಾಂಪಿಗೆ ಏನು ಸಿಕ್ಕಿಸಿದರೂ ಕರೆಂಟ್ ಕೊಡುತ್ತಿದ್ದವು. ಈಗಿನ ಆಟೋಮ್ಯಾಟಿಕ್ ಚಾರ್ಜರ್ ಹಾಗಲ್ಲ. ಕ್ಲಾಂಪಿನ ಆಚೆ ನಿಜವಾಗಿಯೂ ಒಂದು ಬ್ಯಾಟರಿ ಇದೆಯೇ, ವಯರ್ ಉಲ್ಟಾ ಕೊಟ್ಟಿದ್ದಾರೆಯೇ, ಎರಡು ಕ್ಲಾಂಪ್ ಒಂದಕ್ಕೊಂದು ತಾಗಿವೆಯೇ ಎಂದು ಅದು ಮೊದಲು ನೋಡುತ್ತದೆ. ಅದಕ್ಕೆ ಬ್ಯಾಟರಿಯಲ್ಲಿ ಇಷ್ಟು ವೋಲ್ಟ್ ಆದರೂ ಉಳಿದಿರಬೇಕು. ಎಷ್ಟು ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಅದಕ್ಕಿಂತ ಕೆಳಗೆ ಇಳಿದಿದ್ದರೆ ಕೆಂಪು ಲೈಟ್ ಹಾಕಿ ಸುಮ್ಮನೆ ಕೂರುತ್ತದೆ. ಆ ಲೈಟ್ ಹೇಳುವುದು ‘ನನಗೆ ಬ್ಯಾಟರಿ ಕಾಣುತ್ತಿಲ್ಲ’ ಎಂದು ಮಾತ್ರ. ಅದನ್ನು ಬ್ಯಾಟರಿಯ ಮರಣಪತ್ರ ಎಂದು ಓದುವವರು ನಾವು.

ಪೆರ್ಲದ ಒಳಗಿನ ಒಂದು ಮನೆಯ ವಿಷಯ ಹೇಳುತ್ತೇನೆ. ಮಗ ಅಬುಧಾಬಿಯಲ್ಲಿ, ಇಲ್ಲಿ ತಾಯಿ ಒಬ್ಬರೇ. ಕಾರಿನ ಬ್ಯಾಟರಿಗೆ ಎರಡು ವರ್ಷವೂ ಆಗಿರಲಿಲ್ಲ. ಒಂದು ಅಂಗಡಿಯವರು ಚಾರ್ಜರ್ ಸಿಕ್ಕಿಸಿ, ಕೆಂಪು ಲೈಟ್ ತೋರಿಸಿ, ಹೊಸದಕ್ಕೆ ಅಡ್ವಾನ್ಸ್ ಕೇಳಿದ್ದರು. ಮೀಟರ್ ಇಟ್ಟು ನೋಡಿದ್ದರೆಂಬುದಕ್ಕೆ ಗುರುತೇ ಇಲ್ಲ. ನಾನು ಇಟ್ಟಾಗ 12 ವೋಲ್ಟಿನ ಆ ಬ್ಯಾಟರಿಯಲ್ಲಿ 4.1 ವೋಲ್ಟ್ ಇತ್ತು. ಹೊಟ್ಟೆ ಉಬ್ಬಿರಲಿಲ್ಲ, ಬಿರುಕು ಇರಲಿಲ್ಲ, ಆಸಿಡ್ ಸೋರಿರಲಿಲ್ಲ. ಉಬ್ಬಿದ್ದನ್ನು, ಒಡೆದದ್ದನ್ನು ನಾನು ಚಾರ್ಜಿಗೆ ಇಡುವುದೇ ಇಲ್ಲ. ಟರ್ಮಿನಲ್ ಮೇಲೆ ಹಸಿರು-ಬಿಳಿ ಬೂಸು ಕಟ್ಟಿತ್ತು. ಅಡಿಗೆ ಸೋಡಾ ಕಲಸಿದ ನೀರಿನಿಂದ ಅದನ್ನು ತಿಕ್ಕಿ, ಒರಸಿ ಒಣಗಿಸಿದೆ. ಎಷ್ಟೋ ಗಾಡಿಗಳಲ್ಲಿ ಚಾರ್ಜ್ ಹಿಡಿಯದಿರುವುದಕ್ಕೆ ಈ ಬೂಸೇ ಕಾರಣವಾಗಿರುತ್ತದೆ. ಮುಚ್ಚಳಗಳನ್ನು ತೆಗೆದು ನೋಡಿದರೆ ಆರೂ ಸೆಲ್‌ಗಳಲ್ಲಿ, ಅಂದರೆ ಒಳಗಿನ ಕೋಣೆಗಳಲ್ಲಿ, ಸೀಸದ ಪ್ಲೇಟ್ ಮುಳುಗುವಷ್ಟು ನೀರಿತ್ತು. ಕಡಿಮೆಯಿದ್ದರೆ ಪ್ಲೇಟ್ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಪೂರ್ತಿ ತುಂಬಿಸುವುದು ಚಾರ್ಜ್ ಆದ ಮೇಲೆ. ಬಾವಿ ನೀರೂ ಬೇಡ, ಹೊಸ ಆಸಿಡೂ ಬೇಡ.

ಆಮೇಲೆ ಜಗಲಿಯ ಹೊರಗೆ, ಗಾಳಿ ಆಡುವಲ್ಲಿ, ಚೆನ್ನಾಗಿ ಚಾರ್ಜ್ ಇದ್ದ ಇನ್ನೊಂದು 12 ವೋಲ್ಟಿನ ಬ್ಯಾಟರಿಯನ್ನು ಪಕ್ಕದಲ್ಲಿಟ್ಟೆ. ಎರಡೂ ಕಾರಿನಿಂದ ಬಿಚ್ಚಿ ಕೆಳಗಿಟ್ಟವು. ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್, ದಪ್ಪ ಜಂಪರ್ ಕೇಬಲ್. ಸ್ವಿಚ್ ಆಫ್ ಇರುವಾಗಲೇ ಚಾರ್ಜರನ್ನು ಖಾಲಿ ಬ್ಯಾಟರಿಗೆ ಸಿಕ್ಕಿಸಿ, 2 ಆಂಪಿಯರ್‌ಗೆ ಇಟ್ಟು, ಕೊನೆಗೆ ಸ್ವಿಚ್ ಹಾಕಿದೆ. ಈಗ ಚಾರ್ಜರಿಗೆ ಕಾಣುವುದು ಎರಡೂ ಸೇರಿದ ವೋಲ್ಟೇಜ್, ಹಾಗಾಗಿ ಅದು ಕೆಲಸ ಶುರುಮಾಡಿತು. ಅಲ್ಲಿಂದ ಎದ್ದು ಹೋಗಲಿಲ್ಲ. ಖಾಲಿ ಬ್ಯಾಟರಿಯ ಮೈಯನ್ನು ಆಗಾಗ ಮುಟ್ಟಿ ನೋಡುತ್ತ ಕೂತೆ. ಬಿಸಿಯಾದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ತಕ್ಷಣ ನಿಲ್ಲಿಸಬೇಕು. ಒಂದು ಗಂಟೆಯೊಳಗೆ ಬ್ಯಾಟರಿ ತನ್ನ ಕಾಲ ಮೇಲೆ ನಿಲ್ಲುವಷ್ಟಾಯಿತು. ಮತ್ತೆ ಸ್ವಿಚ್ ಆಫ್ ಮಾಡಿ, ಸಹಾಯಕ್ಕಿಟ್ಟದ್ದನ್ನು ತೆಗೆದು, ಖಾಲಿಯದನ್ನು ಒಂದನ್ನೇ ಅದೇ 2 ಆಂಪಿಯರ್‌ನಲ್ಲಿ ಬಿಟ್ಟೆವು. 35 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿ ಅದು. ಒಂದು ಹಗಲು ಒಂದು ರಾತ್ರಿ ಬೇಕೇ ಬೇಕು. ಚಾರ್ಜ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ನೋಡಿದಾಗ 12.6 ವೋಲ್ಟ್. ಕಾರಿಗೆ ಹಾಕಿ ಸೆಲ್ಫ್ ಹೊಡೆಯುವಾಗ ಮೀಟರ್ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಆ ಹೊತ್ತಿಗೆ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ನಂಬಲಾಗದು. ಆ ಕಾರು ಈಗಲೂ ಅದೇ ಬ್ಯಾಟರಿಯಲ್ಲಿ ಓಡುತ್ತಿದೆ.

ಎಲ್ಲ ಬ್ಯಾಟರಿಯೂ ಹೀಗೆ ಎದ್ದು ಬರುತ್ತದೆ ಎಂದು ನಾನು ಹೇಳುವುದಿಲ್ಲ. ಚಾರ್ಜ್ ಇಳಿಯುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಸಿಡ್ ನೀರಾಗುತ್ತ ಹೋಗುತ್ತದೆ. ತಡಮಾಡದೆ ಚಾರ್ಜ್‌ಗೆ ಇಟ್ಟರೆ ಆ ಸಲ್ಫೇಟ್ ಮರಳಿ ಕರಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಮಳೆಗಾಲದಲ್ಲಿ ಇಟ್ಟ ಸಿಮೆಂಟ್ ಚೀಲದ ಹಾಗೆ ಗಟ್ಟಿಯಾಗುತ್ತದೆ. ಅಂಥದಕ್ಕೆ ಜೋರು ಕರೆಂಟ್ ಕೊಟ್ಟರೆ ನೀರು ಕುದಿಯುವುದು ಬಿಟ್ಟರೆ ಬೇರೇನೂ ಆಗದು. ಒಂದು ಸೆಲ್ ಒಳಗೇ ಶಾರ್ಟ್ ಆಗಿದ್ದರೆ ಮೀಟರ್ 10.5ರ ಹತ್ತಿರವೇ ನಿಲ್ಲುತ್ತದೆ, ಯಾಕೆಂದರೆ ಒಂದೊಂದು ಸೆಲ್‌ನದ್ದು 2.1 ವೋಲ್ಟ್, ಆರರಲ್ಲಿ ಒಂದು ಹೋಯಿತು. ಆಸಿಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿದರೆ ಇನ್ನೂ ಸ್ಪಷ್ಟ: ಐದು ಸೆಲ್ 1.250ರ ಮೇಲೆ, ಒಂದು 1.120ರಲ್ಲಿ. ಅದನ್ನು ಯಾರಿಂದಲೂ ಬದುಕಿಸಲಾಗದು. ಆದರೆ ಹೀಗೆಂದು ಗೊತ್ತಾಗುವುದು ಅಳೆದ ಮೇಲೆಯೇ. ಮುಚ್ಚಳವೇ ಇಲ್ಲದ ಸೀಲ್ಡ್ ಬ್ಯಾಟರಿಯಲ್ಲಿ ಮೀಟರ್ ಮತ್ತು ಬ್ಯಾಟರಿಗೆ ಹೊರೆ ಹಾಕಿ ಅಳೆಯುವ ಲೋಡ್ ಟೆಸ್ಟರ್ ಎರಡನ್ನೇ ನಂಬಬೇಕು. ಬ್ಯಾಟರಿಯ ಮೇಲೆ ಚಾರ್ಜ್ ತೋರಿಸಲು ಇರುವ ಹಸಿರು ಕಣ್ಣು ಒಂದು ಸೆಲ್‌ನ ಸ್ಥಿತಿಯನ್ನು ಮಾತ್ರ ತೋರಿಸುತ್ತದೆ.

ಅಡಿಕೆ, ತೆಂಗಿನ ಬುಡಕ್ಕೆ ತಂದಿಟ್ಟ ಮೆಗ್ನೀಷಿಯಂ ಸಲ್ಫೇಟನ್ನು ಬ್ಯಾಟರಿಗೆ ಸುರಿದವರನ್ನೂ ಕಂಡಿದ್ದೇನೆ. ಮೊಬೈಲಿನಲ್ಲಿ ನೋಡಿದ್ದಂತೆ. ಅದರಿಂದ ಗಟ್ಟಿಯಾದ ಪ್ಲೇಟ್ ಸರಿಯಾದದ್ದನ್ನು ನಾನು ನೋಡಿಲ್ಲ. ದಯವಿಟ್ಟು ಮಾಡಬೇಡಿ. ಬೇರೆ ಗಾಡಿಯಿಂದ ಜಂಪ್ ಕೊಟ್ಟು ‘ಓಡಿಸಿದರೆ ಚಾರ್ಜ್ ಆಗುತ್ತದೆ’ ಎನ್ನುವವರಿಗೂ ಒಂದು ಮಾತು: ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಇರುವುದು ಸ್ಟಾರ್ಟಿಂಗ್‌ಗೆ ಖರ್ಚಾದದ್ದನ್ನು ತುಂಬಲು. ಪೂರ್ತಿ ಬರಿದಾದ ಬ್ಯಾಟರಿಯನ್ನು ಅದರ ಮೇಲೆ ಹೇರಿದರೆ ಆಲ್ಟರ್ನೇಟರೇ ಸುಡುವುದುಂಟು. ಜಂಪ್ ಕೊಡುವಾಗ ಕೊನೆಯ ಕಪ್ಪು ಕ್ಲಾಂಪನ್ನು ಖಾಲಿ ಬ್ಯಾಟರಿಗೆ ಸಿಕ್ಕಿಸದೆ, ಅದರಿಂದ ದೂರ ಎಂಜಿನ್‌ನ ಬರಿ ಲೋಹಕ್ಕೆ ಸಿಕ್ಕಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು. ಬೀಡಿ ಸೇದುತ್ತ ಬಾನೆಟ್ ಒಳಗೆ ಬಗ್ಗುವುದನ್ನು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಆಸಿಡ್ ಕಣ್ಣಿಗೆ ಹಾರಿದರೆ ಬಹಳ ಹೊತ್ತು ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಹೋಗಬೇಕು. ಎಂಜಿನ್ ಓಡುತ್ತಿರುವಾಗ ಟರ್ಮಿನಲ್ ಬಿಚ್ಚಿ ನೋಡುವ ಹಳೆಯ ಜೀಪಿನ ಕಾಲದ ಪರೀಕ್ಷೆ ಈಗಿನ ಕಾರುಗಳಿಗೆ ಬೇಡವೇ ಬೇಡ.

ಇಷ್ಟೆಲ್ಲ ಬಾರದಂತೆ ತಡೆಯುವುದು ಸುಲಭ. ನಿಂತ ಕಾರೂ ಲಾಕ್, ಗಡಿಯಾರ, ಕಂಪ್ಯೂಟರ್ ಎಂದು ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತದೆ. 0.05 ಆಂಪಿಯರ್ ಎಂದು ಇಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. 35ರ ಬ್ಯಾಟರಿ ಒಂದು ತಿಂಗಳಲ್ಲಿ ಬರಿದು. ವಾರಕ್ಕೊಮ್ಮೆ ಅಂಗಳದಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಲು ಅಳಿಯನಿಗೋ ಪಕ್ಕದ ಮನೆಯ ಹುಡುಗನಿಗೋ ಹೇಳಿ ಹೋಗುತ್ತಾರೆ. ಸೆಲ್ಫ್ ಎಳೆದುಕೊಂಡದ್ದು ಅಷ್ಟರಲ್ಲಿ ತುಂಬುವುದಿಲ್ಲ, ರಸ್ತೆಯಲ್ಲಿ ಅರ್ಧ ಗಂಟೆಯಾದರೂ ಓಡಿಸಬೇಕು. ಓಡಿಸುವವರು ಇಲ್ಲದಿದ್ದರೆ ಹೊರಡುವ ಮೊದಲು ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ಕ್ಲಾಂಪ್ ಬಿಚ್ಚಿ ಇಡಿ. ಹೆಚ್ಚಿನ ಕಾರಿಗೆ 10 ನಂಬರ್ ಸ್ಪ್ಯಾನರ್ ಒಂದೇ ಸಾಕು.

ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಬ್ಯಾಟರಿ ಹೋಗಿದೆ ಎನ್ನುವ ಮೊದಲು ಮೀಟರನ್ನು ಗಿರಾಕಿಯ ಕಣ್ಣೆದುರು ಇಡಿ. ತಂದಾಗ ಎಷ್ಟು ವೋಲ್ಟ್, ಚಾರ್ಜ್ ಆದ ಮೇಲೆ ಎಷ್ಟು, ಲೋಡ್ ಹಾಕಿದಾಗ ಎಷ್ಟು ಎಂದು ಬಿಲ್ಲಿನ ಹಿಂದೆ ಬರೆದುಕೊಡಿ, ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು. ಇದರಲ್ಲಿ ಗಿರಾಕಿಯ ಹಕ್ಕೂ ಇದೆ. ಬರಿದಾದ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ, ಒಳಗಿನ ಸೆಲ್ ಹಾಳಾದರೆ ಬರುತ್ತದೆ. ಅಳತೆಯೇ ಇಲ್ಲದಿದ್ದರೆ ವಾರಂಟಿ ಇರುವ ಬ್ಯಾಟರಿಗೂ ಜನ ಕೈಯಿಂದ ದುಡ್ಡು ಹಾಕುತ್ತಾರೆ. ಹಾಕುತ್ತಲೂ ಇದ್ದಾರೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರು ಎಷ್ಟೋ ಮಂದಿ. ಅವರ ಕೈಗೆ ಇಂಗ್ಲಿಷಿನ ವಾರಂಟಿ ಕಾರ್ಡ್ ಕೊಟ್ಟು ಕಳಿಸುವ ಕಂಪೆನಿಗಳು ಒಂದು ಪುಟ ಕನ್ನಡದಲ್ಲೂ ಅಚ್ಚು ಹಾಕಿಸಲಿ.

ನಿಜವಾಗಿಯೇ ಹೋದ ಬ್ಯಾಟರಿಯನ್ನು ತೂಕಕ್ಕೆ ಕೊಳ್ಳುವ ಗುಜರಿಯವರಿಗೆ ಕೊಡಬೇಡಿ. ತೂಕ ಮಾಡುವ ಮೊದಲು ಅದರ ಆಸಿಡನ್ನು ತೋಡಿಗೆ ಸುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಆಸಿಡಿನ ಜೊತೆಗೆ ಸೀಸವೂ ಹೋಗುತ್ತದೆ, ಅದೇ ತೋಡಿನ ನೀರು ತೋಟಕ್ಕೂ ಬಾವಿಗೂ ಇಳಿಯುತ್ತದೆ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಎಣ್ಮಕಜೆಗೆ ವಿಷ ಎಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೇಂದ್ರ ಸರಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು ಅದರ ಬೆಲೆ ಕಳೆಯಲು ಹೇಳಿ. ಕಳೆದ ಮೊತ್ತ ಬಿಲ್ಲಿನಲ್ಲಿ ಬರಲಿ. ನಮ್ಮ ಪಂಚಾಯತುಗಳು ಪ್ಲಾಸ್ಟಿಕ್ ಸಂಗ್ರಹಿಸುವ ಹಾಗೆ ವರ್ಷಕ್ಕೆ ಒಂದು ದಿನ ಹಳೆಯ ಬ್ಯಾಟರಿಯನ್ನೂ ಸಂಗ್ರಹಿಸಲಿ. ಪೆರ್ಲದಲ್ಲಿ ಆ ದಿನ ಬಂದ ಬ್ಯಾಟರಿಗಳಲ್ಲಿ ಇನ್ನೂ ಚಾರ್ಜ್ ಆಗುವುದು ಯಾವುದು, ಆಗದ್ದು ಯಾವುದು ಎಂದು ಅಳೆದು ಬೇರ್ಪಡಿಸಿ ಕೊಡಲು ನನ್ನ ಮೀಟರ್ ಸಮೇತ ನಾನು ಬರುತ್ತೇನೆ. ಅದಕ್ಕೆ ಹಣ ಬೇಡ.

ಇತಿ,
ಒಬ್ಬ ಆಟೋ ಇಲೆಕ್ಟ್ರೀಷಿಯನ್
ಪೆರ್ಲ, ಕಾಸರಗೋಡು ಜಿಲ್ಲೆ