ಮಾಕುವೇನಿಗೆ ಹೊರಟ ಮಗಳಿಗೆ

ಚಿರಂಜೀವಿ ಅನನ್ಯಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಕೆನ್ಯಾದ ಮಾಕುವೇನಿಯಲ್ಲಿ ಮರಳು ಅಣೆಕಟ್ಟು ಮತ್ತು ಬೇಸಾಯದ ಕೆಲಸಗಳಿಗೆ ಸ್ವಯಂಸೇವಕಿಯಾಗಿ ಹೊರಟಿರುವುದು ತಿಳಿದು ಬಹಳ ಸಂತೋಷವಾಯಿತು. ಅಲ್ಲಿನವರಿಗೆ ನೀರು ತಂದುಕೊಡುವ ಉತ್ಸಾಹ ನಿನ್ನಲ್ಲಿದೆ. ಆದರೆ ಆ ಕೆಲಸ ಅವರು ಬಹುಕಾಲದಿಂದ ಮಾಡುತ್ತ ಬಂದಿರುವುದು, ನೀನು ಅದರಲ್ಲಿ ಸೇರಿಕೊಳ್ಳುವವಳು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗು. ಅಲ್ಲಿನ ಕಾಂಬಾ ಜನರು ನಮ್ಮ ಮುಯ್ಯಾಳಿನ ಪದ್ಧತಿಯಂತೆ ‘ಮ್ವೆಥ್ಯಾ’ ಗುಂಪುಗಳನ್ನು ಕಟ್ಟಿಕೊಂಡು ಒಬ್ಬರಿಗೊಬ್ಬರು ದುಡಿಯುತ್ತಾರೆ. ಪಕ್ಕದ ಮಚಾಕೋಸ್ ಸೀಮೆಯಲ್ಲಿ ಜೋಶುವಾ ಮುಕುಸ್ಯಾ ಅವರು 1978ರಲ್ಲಿ ಉಟೂನಿ ಅಭಿವೃದ್ಧಿ ಯೋಜನೆಯ ಕೆಲಸವನ್ನು ಆರಂಭಿಸಿದ್ದೂ ಊರವರ ದುಡಿಮೆಯ ಬಲದಿಂದಲೇ.

ಮರಳು ಅಣೆಕಟ್ಟೆಂದರೆ ಇಷ್ಟೇ: ಮಳೆಗಾಲದಲ್ಲಿ ಮಾತ್ರ ಹರಿಯುವ ಹೊಳೆಗೆ ಅಡ್ಡಲಾಗಿ, ತಳದ ಬಂಡೆಯವರೆಗೆ ಅಗೆದು ಕಲ್ಲು-ಸಿಮೆಂಟಿನ ಗೋಡೆ ಎಬ್ಬಿಸಿದರೆ, ಪ್ರವಾಹದೊಡನೆ ಬರುವ ದಪ್ಪ ಮರಳು ಗೋಡೆಯ ಹಿಂದೆ ನಿಂತು, ನಯವಾದ ಹೂಳು ಮೇಲಿನಿಂದ ಹರಿದುಹೋಗುತ್ತದೆ. ಆ ಮರಳಿನ ಗಾತ್ರದ ಶೇ. 25ರಿಂದ 40ರಷ್ಟು ನೀರು ಅದರೊಳಗೇ ಉಳಿಯುತ್ತದೆ, ಬಿಸಿಲಿಗೆ ಬೇಗ ಆರುವುದಿಲ್ಲ. ಮರಳು ತುಂಬಲು ಕೆಲವೆಡೆ ಎರಡು ಮೂರು ಮಳೆಗಾಲಗಳೇ ಬೇಕಾಗುತ್ತವೆ. ನೀನು ಕಲ್ಲು ಹೊತ್ತ ಗೋಡೆಯ ನೀರನ್ನು ನೀನೇ ನೋಡದೆ ಮರಳಬೇಕಾದೀತು, ಅದಕ್ಕೆ ಬೇಸರಪಡಬೇಡ.

ಗೋಡೆಗೆ ಜಾಗ ಹುಡುಕುವಾಗ ನಕ್ಷೆಯ ಜೊತೆಗೆ ಹೆಂಗಸರ ಮಾತನ್ನೂ ಕೇಳು. ಒಣಗಿದ ಹೊಳೆಯ ಪಾತ್ರದಲ್ಲಿ ಒರತೆ ತೋಡಿ, ಸೋರೆ ಬುರುಡೆಯಿಂದ ನೀರು ಮೊಗೆದು ಕ್ಯಾನಿಗೆ ಹೊಯ್ಯುವವರಿಗೆ ಯಾವ ತಿರುವಿನಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಮೇಲಿನ ಇಳಿಜಾರಿನಲ್ಲಿ ‘ಫಾನ್ಯಾ ಜೂ’ ಬದುಗಳನ್ನು, ಅಂದರೆ ಸಮಪಾತಳಿಯಲ್ಲಿ ಕಾಲುವೆ ತೋಡಿ ಮಣ್ಣನ್ನು ಮೇಲ್ಬದಿಗೆ ಎಸೆದು ಕಟ್ಟುವ ಬದುಗಳನ್ನು, ಅಸಡ್ಡೆ ಮಾಡಬೇಡ. ಅವಿಲ್ಲದಿದ್ದರೆ ಹೊಲದ ಮಣ್ಣು ಕೊಚ್ಚಿಬಂದು ಮರಳಿನ ಜಾಗದಲ್ಲಿ ಹೂಳು ಕೂರುತ್ತದೆ.

ಮರಳನ್ನು ಕಾಯುವುದು ಇನ್ನೂ ಕಷ್ಟ. ನಮ್ಮ ಪಾಪಾಗ್ನಿ ನದಿಯ ಮರಳು ಲಾರಿ ಹತ್ತಿ ಹೋದ ಮೇಲೆ ದಡದ ಬಾವಿಗಳ ಗತಿ ಏನಾಯಿತೆಂದು ನಿನಗೆ ಗೊತ್ತಿದೆ. ಮಾಕುವೇನಿಯವರು 2015ರಲ್ಲಿಯೇ ಮರಳು ಸಂರಕ್ಷಣೆಗೆ ಕಾಯಿದೆ ಮಾಡಿಕೊಂಡಿದ್ದಾರೆ. ಅದನ್ನು ಊರಿನ ಸಮಿತಿ ಹೇಗೆ ನಡೆಸುತ್ತದೆಂಬುದನ್ನು ಗಮನವಿಟ್ಟು ಕಲಿತು ಬಾ, ನಮಗೆ ಅದು ಬೇಕಾಗಿದೆ.

ಊಟದ ಚಿಂತೆ ಬೇಡ. ನಮ್ಮ ರಾಗಿ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದಲೇ ಬಂದದ್ದು; ಇಲ್ಲಿಂದ ಹೋದ ತೊಗರಿಯನ್ನು ಅವರು ಹಸಿಗಾಳಾಗಿಯೇ ಬೇಯಿಸಿ ಉಣ್ಣುತ್ತಾರೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನಗಳಿಗೂ ಮೊದಲೇ ಹಾಕಿಸಿಕೊಂಡು, ಅದರ ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಗಿಡು. ಹಿಂದಿರುಗುವಾಗ ಇಲ್ಲಿ ಕೇಳುತ್ತಾರೆ. ಹೊಳೆದಂಡೆಯ ಜಮೀನು ಯಾರದು, ನೀರಿಗೆ ಎಲ್ಲರಿಗೂ ದಾರಿ ಬಿಡುವುದಾಗಿ ಅವರು ಬರೆದುಕೊಟ್ಟಿದ್ದಾರೆಯೇ ಎಂಬುದನ್ನು ವಿಚಾರಿಸಿ ಮೊದಲ ಪತ್ರದಲ್ಲಿಯೇ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ