ಮೈಕ್ ಸರಿ ಮಾಡ್ಕೊಟ್ಟ ಅಣ್ಣಂಗೆ ಥ್ಯಾಂಕ್ಸ್

ನಮ್ ಹೈಸ್ಕೂಲ್ ವಾರ್ಷಿಕೋತ್ಸವದಲ್ಲಿ ಮೈಕ್ ಆನ್ ಮಾಡಿದ್ರೆ ಸಾಕು ಕೀಂ ಅಂತ ಕಿವಿ ಹರಿಯೋ ಸೌಂಡು, ಸ್ವಾಗತ ಭಾಷಣ ಬಾಯಿಪಾಠ ಮಾಡ್ಕೊಂಡ್ ಬಂದಿದ್ದ ಒಂಬತ್ತನೇ ಕ್ಲಾಸ್ ಹುಡುಗಿ ಪಾಪ ಕೈ ಹಿಸುಕ್ತಾ ನಿಂತ್ಬಿಟ್ಲು. ಅಷ್ಟರಲ್ಲಿ ಹಿಂದಿನ ಸಾಲಿಂದ ಒಬ್ರು ಎದ್ದು ಬಂದ್ರು ನೋಡಿ, ಸ್ಟೇಜ್ ಹಿಂದಿದ್ದ ಸ್ಪೀಕರ್‌ಗಳನ್ನ ಎತ್ತಿ ಮೈಕ್‌ಗಿಂತ ಮುಂದೆ ಜನರ ಕಡೆ ಮುಖ ಮಾಡಿ ಇಟ್ರು, ವಾಲ್ಯೂಮ್ ಒಂಚೂರು ಇಳಿಸಿದ್ರು, ಅಷ್ಟೇ! ಸ್ಪೀಕರ್ ಸೌಂಡ್ ವಾಪಸ್ ಮೈಕ್‌ಗೇ ಹೋಗಿ ಸುತ್ತಿ ಸುತ್ತಿ ಜೋರಾಗೋದ್ರಿಂದ ಹಿಂಗಾಗೋದು ಅಂತ ಮಕ್ಕಳಿಗೂ ಹೇಳ್ಕೊಟ್ರು. (ಫಿಸಿಕ್ಸ್ ಮೇಷ್ಟ್ರು ಪಕ್ಕದಲ್ಲೇ ತಲೆ ಆಡಿಸ್ತಿದ್ರು, ಮೊದ್ಲೇ ಹೇಳ್ಬಾರ್ದಿತ್ತಾ ಸಾರ್!) ಹೆಸರು ಕೇಳೋಷ್ಟರಲ್ಲಿ ಹೊರಟೇ ಹೋದ್ರು. ಅಣ್ಣಾ, ನೀವು ಯಾರೇ ಆಗಿರಿ, ತುಂಬಾ ತುಂಬಾ ಥ್ಯಾಂಕ್ಸ್, ಹುಡುಗಿ ಒಂದು ಪದನೂ ತಪ್ಪದೆ ಭಾಷಣ ಮುಗಿಸಿದ್ಲು.