ಹಾರ್ಡ್ ಡಿಸ್ಕ್ ಬಿಚ್ಚುವ ಮುನ್ನ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ಮುಂಬಯಿಯ ಕುರ್ಲಾದಲ್ಲಿರುವ ನಮ್ಮ ನೆಲಮಹಡಿಯ ಮನೆಗೆ ನೀರು ನುಗ್ಗಿ, ಕನ್ನಡ ಸಂಘದ 30 ವರ್ಷಗಳ ಛಾಯಾಚಿತ್ರಗಳಿದ್ದ ಹಾರ್ಡ್ ಡಿಸ್ಕ್ ನೆನೆಯಿತು. ಸಮೀಪದ ಅಂಗಡಿಯವರು ಅದಕ್ಕೆ ಮೇಲಿಂದ ಮೇಲೆ ವಿದ್ಯುತ್ ಕೊಟ್ಟು ನೋಡಿ, ಕೊನೆಗೆ ಮುಚ್ಚಳವನ್ನೇ ತೆರೆದರು; ಒಂದು ಚಿತ್ರವೂ ದಕ್ಕಲಿಲ್ಲ. ಡಿಸ್ಕಿನೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತ ಮಾಹಿತಿಯನ್ನು ಓದಿ ಬರೆಯುವ ಹೆಡ್‌ಗೆ ಧೂಳಿನ ಕಣವೂ ಬಂಡೆಯಂತೆ ಅಡ್ಡಬರುವುದರಿಂದ, ಡಿಸ್ಕ್ ತೆರೆಯುವ ಕೆಲಸ ಧೂಳುರಹಿತ ಕೊಠಡಿಯಲ್ಲಷ್ಟೇ ನಡೆಯಬೇಕು. ಕಟಕಟ ಸದ್ದು ಮಾಡುವ ಡಿಸ್ಕನ್ನು ಪದೇ ಪದೇ ಚಾಲೂ ಮಾಡಿದರೆ ತಟ್ಟೆಯ ಕಾಂತೀಯ ಲೇಪವೇ ಗೀರಿಹೋಗಬಹುದು. ನೆನೆದದ್ದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವುದರಿಂದಲೂ (ನಾನು ಮೊದಲು ಮಾಡಿದ್ದು ಅದನ್ನೇ) ಪ್ರಯೋಜನವಿಲ್ಲ. ದುರಸ್ತಿ ಅಂಗಡಿಗಳು ಡಿಸ್ಕ್ ಬಿಚ್ಚುವ ಮುನ್ನ ಈ ಅಪಾಯವನ್ನು ತಿಳಿಸಿ, ಗ್ರಾಹಕರ ಲಿಖಿತ ಒಪ್ಪಿಗೆ ಪಡೆಯುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕೆಂದು ವಿನಂತಿ.

— ಸಂಘದ ಕಾರ್ಯಕರ್ತ, ಕುರ್ಲಾ, ಮುಂಬಯಿ